ಮುರಕಲ್ಲಿನ ಗೋಡೆ, ಹಲಸಿನ ಹಲಗೆ, ನಡುವೆ ಒಂದು ಅಂಟು

ಅಂಟಿನ ಟ್ಯೂಬಿನ ಮೈಮೇಲೆ ದಪ್ಪಕ್ಷರದಲ್ಲಿ ಇಷ್ಟು ಕಿಲೋ ಹಿಡಿಯುತ್ತದೆ ಎಂದು ಬರೆದಿರುತ್ತದೆ. ಬರೆದದ್ದು ಸುಳ್ಳೇನಲ್ಲ. ಅಂಟೊಂದು ಚದರ ಮಿಲಿಮೀಟರಿಗೆ 1 ನ್ಯೂಟನ್ ಎಳೆತ ತಡೆದರೂ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಆಯಿತು. ಅಂಗೈಯಷ್ಟು, ಅಂದರೆ 80 ಚದರ ಸೆಂಟಿಮೀಟರ್ ಜಾಗಕ್ಕೆ 800 ಕಿಲೋ! ಈ ಲೆಕ್ಕ ಹುಟ್ಟುವುದು ಪ್ರಯೋಗಾಲಯದಲ್ಲಿ, ಒರೆಸಿ ಒಣಗಿಸಿದ ಎರಡು ತುಂಡುಗಳ ನಡುವೆ. ನಮ್ಮ ಬದಿಯಡ್ಕದ ಕಡೆಯ ಹಳೇ ಮನೆಯ ಗೋಡೆ ಎಂದರೆ ಒಳಗೆ ಮುರಕಲ್ಲು (ಜಂಬಿಟ್ಟಿಗೆ), ಅದರ ಮೇಲೆ ಸಾರಣೆ, ಅದರ ಮೇಲೆ ವರ್ಷ ವರ್ಷ ಬಳಿದ ಸುಣ್ಣ, ಸುಣ್ಣದ ಮೇಲೆ ಈಚೆಗಿನ ಡಿಸ್ಟೆಂಪರ್. ಅಂಟು ಹಿಡಿದುಕೊಳ್ಳುವುದು ಕೊನೆಯ ಪದರವನ್ನು ಮಾತ್ರ. ಒಳಗಿನವರು ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದಾರೋ ಇಲ್ಲವೋ ಎಂದು ಟ್ಯೂಬು ಮಾಡಿದವನಿಗೆ ಹೇಗೆ ಗೊತ್ತಾಗಬೇಕು?

ಕೆಲಸ ಇದ್ದದ್ದು ಇಷ್ಟು. ಅಟ್ಟದ ಮುಚ್ಚಿಗೆ ಇಳಿಸಿದಾಗ ಒಳ್ಳೆಯ ಹಲಸಿನ ಹಲಗೆಗಳು ಸಿಕ್ಕಿದ್ದವು, ಎಂಟು ಇಂಚು ಅಗಲದವು, ಬಣ್ಣ ಜೇನಿಗೆ ತಿರುಗಿದವು. ಚಾವಡಿಯ ಗೋಡೆ ಪ್ರತಿ ಮಳೆಗಾಲದಲ್ಲೂ ಸೊಂಟದೆತ್ತರದವರೆಗೆ ಹಕ್ಕಳೆ ಎದ್ದು ಉದುರುತ್ತಿತ್ತು. ಅಲ್ಲಿಗೆ ಆ ಹಲಗೆ ಕೂರಿಸಬೇಕು, ಮೊಳೆಯ ತಲೆ ಎದುರಿಗೆ ಕಾಣಬಾರದು ಎನ್ನುವುದು ಅತ್ತೆಯ ಆಸೆ. ಜೊತೆಗೆ ಜಗಲಿಯ ಚಿಟ್ಟೆಯ, ಅಂದರೆ ಕೂರುವ ಕಟ್ಟೆಯ, ಮೇಲಿನ ಗ್ರಾನೈಟ್ ಅಲುಗಾಡುತ್ತಿತ್ತು. ಕೈ ತೊಳೆಯುವಲ್ಲಿ ಒಂದು ಕನ್ನಡಿಯೂ ಆಗಬೇಕಿತ್ತು. ಮೂರಕ್ಕೂ ಒಂದೇ ಅಂಟು ಸಾಕಾದೀತು ಎಂದು ಮನೆಯಲ್ಲಿ ಎಲ್ಲರ ಅಂದಾಜು.

ಕಾಸರಗೋಡು ಪೇಟೆಯ ಹಾರ್ಡ್‌ವೇರ್ ಅಂಗಡಿಯ ಹುಡುಗನ ಅಂದಾಜೂ ಅದೇ. "ಟೀಚರೇ, ಇದು ಎಲ್ಲದಕ್ಕೂ ಆಗ್ತದೆ. ಕಲ್ಲಿಗೆ, ಮರಕ್ಕೆ, ಕಬ್ಬಿಣಕ್ಕೆ, ಎಂಥದಕ್ಕೂ" ಎಂದು ಒಂದು ಟ್ಯೂಬು ಎದುರಿಗಿಟ್ಟ. ಎಲ್ಲದಕ್ಕೂ ಆಗುವ ವಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಿಂಬದಿಯ ಸಣ್ಣಕ್ಷರ ಓದಲು ಕನ್ನಡಕ ಹಾಕಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಹುಡುಗನಿಗೆ ಮುಜುಗರವಾಯಿತು. ಆದರೆ ಸಣ್ಣಕ್ಷರದಲ್ಲಿ ಬೇಕಾದ ಸಂಗತಿ ತುಂಬ ಇತ್ತು. ತಯಾರಾದ ತಿಂಗಳು (ಗಾಳಿಯ ತೇವದಿಂದ ಗಟ್ಟಿಯಾಗುವ ಅಂಟುಗಳಿಗೆ ಸಾಮಾನ್ಯವಾಗಿ ಒಂದು ವರ್ಷದ ಆಯುಷ್ಯ, ಕೆಲವಕ್ಕೆ ಇನ್ನೂ ಕಡಿಮೆ), ಪಾಲಿಥೀನಿಗೆ ಹಿಡಿಯುವುದಿಲ್ಲ ಎಂಬ ಮಾತು, ಮೇಲ್ಪದರ ಎಷ್ಟು ನಿಮಿಷಕ್ಕೆ ಕಟ್ಟುತ್ತದೆ ಎಂಬ ಲೆಕ್ಕ. ಆ ನಿಮಿಷದ ಲೆಕ್ಕವನ್ನು ಸಾಮಾನ್ಯವಾಗಿ 23 ಡಿಗ್ರಿ ಸೆಲ್ಸಿಯಸ್, ಗಾಳಿಯಲ್ಲಿ 50 ಶೇಕಡಾ ತೇವ ಇರುವಲ್ಲಿ ತೆಗೆದಿರುತ್ತಾರೆ. ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಅಂಥ ಹವೆ ಫ್ರಿಜ್ಜಿನ ಒಳಗೂ ಸಿಕ್ಕಲಿಕ್ಕಿಲ್ಲ. ಇಲ್ಲಿ ತೇವ ಜಾಸ್ತಿ, ಆದ್ದರಿಂದ ಪದರ ಬೇಗ ಕಟ್ಟುತ್ತದೆ. 15 ನಿಮಿಷ ಎಂದು ಬರೆದಿದ್ದರೆ ಅರ್ಧ ಎಂದು ತಿಳಿದುಕೊಂಡೇ ಕೆಲಸಕ್ಕೆ ಇಳಿಯುವುದು ಕ್ಷೇಮ.

ಅಂಗಡಿಯ ಕಪಾಟಿನಲ್ಲಿ ನಲವತ್ತು ಹೆಸರಿದ್ದರೂ ಜಾತಿ ಐದಾರೇ. ನಮ್ಮ ಮರಗೆಲಸದ ಆಚಾರಿ ಮೊದಲು ಕೈ ಹಾಕುವುದು ಫೆವಿಕಾಲ್ ಎಸ್‌ಆರ್ 998ಕ್ಕೆ. ರಬ್ಬರಿನ ಅಂಟು, ಎರಡೂ ಕಡೆ ಹಚ್ಚಿ, ಮುಟ್ಟಿದರೆ ಬೆರಳಿಗೆ ಬಾರದಷ್ಟು ಒಣಗಿಸಿ, ಒತ್ತಿದರೆ ಆಯಿತು. ಸನ್‌ಮೈಕಾ ಅಂಟಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಎರಡು ಮೈಯೂ ಚಪ್ಪಟೆಯಾಗಿ ಕೂಡಬೇಕು. ನಡುವಿನ ಸಂದು ತುಂಬುವ ಗುಣ ಅದಕ್ಕಿಲ್ಲ. ಅರುವತ್ತು ವರ್ಷ ಅಟ್ಟದಲ್ಲಿದ್ದು ಡೊಂಕಾದ ಹಲಗೆಗೆ ಅದು ಆಗಲಿಕ್ಕಿಲ್ಲ. ಅಕ್ರಿಲಿಕ್ ನೀರಂಟು ಅಗ್ಗ, ವಾಸನೆ ಇಲ್ಲ. ಆದರೆ ಒಳಗಿನ ನೀರು ಹೋಗಲು ಎರಡರಲ್ಲಿ ಒಂದು ಮೈಯಾದರೂ ನೀರು ಹೀರುವಂಥದ್ದಾಗಿರಬೇಕು, ಮತ್ತೆ ಒದ್ದೆಯಾದರೆ ಮೆತ್ತಗಾಗುತ್ತದೆ. ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಎಪಾಕ್ಸಿಯ ಬಲಕ್ಕೆ ಎದುರಿಲ್ಲ, ಕಲ್ಲಿಗೆ ಕಲ್ಲು ಕಚ್ಚಿಸಲು ಅದೇ ಬೇಕು. ಗಟ್ಟಿಯಾದ ಮೇಲೆ ಮಾತ್ರ ಕೂದಲೆಳೆಯಷ್ಟೂ ಬಗ್ಗುವುದಿಲ್ಲ. ಮರ ಬಗ್ಗುವ ಜಾತಿ. ಎಂಟಿಂಚಿನ ಹಲಗೆ ಮಳೆಗಾಲಕ್ಕೆ ಉಬ್ಬಿ, ಶಿವರಾತ್ರಿಯ ಹೊತ್ತಿಗೆ ಕುಗ್ಗಿ, ಅಡ್ಡಕ್ಕೆ ಒಂದೆರಡು ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. ಬಗ್ಗದ ಅಂಟಿನಲ್ಲಿ ಕಟ್ಟಿಹಾಕಿದರೆ ಸೀಳುವುದು ಹಲಗೆಯೇ.

ಉಳಿದದ್ದು ಎರಡು: ಪಿಯು ಎಂದು ಕರೆಯುವ ಪಾಲಿಯುರಿಥೇನ್, ಮತ್ತು ಎಂಎಸ್ ಪಾಲಿಮರ್. ಎರಡೂ ಬಗ್ಗುತ್ತವೆ, ಸಂದು ತುಂಬುತ್ತವೆ, ಗಾಳಿಯ ತೇವ ಕುಡಿದು ಹೊರಗಿನಿಂದ ಒಳಕ್ಕೆ ದಿನಕ್ಕೆ ಎರಡು ಮೂರು ಮಿಲಿಮೀಟರ್ ಲೆಕ್ಕದಲ್ಲಿ ಗಟ್ಟಿಯಾಗುತ್ತವೆ. ಎಂಎಸ್ ಪಾಲಿಮರ್ 1970ರ ದಶಕದ ಕೊನೆಗೆ ಜಪಾನಿನ ಕನೆಕಾ ಕಂಪನಿ ಹೊರತಂದದ್ದು. ಅಂಗಡಿಯಲ್ಲಿ ಕೇಳುವುದಾದರೆ "ಹೈಬ್ರಿಡ್" ಎಂದರೆ ತಿಳಿಯುತ್ತದೆ. ಪಿಯುಗಿಂತ ಕ್ರಯ ಜಾಸ್ತಿ. ಜಾಸ್ತಿ ಕೊಡುವುದಕ್ಕೆ ಕಾರಣ ಉಂಟೋ ಎಂದು ನೋಡಿಯೇ ಕೊಳ್ಳುವ ಎಂದು ನಿಶ್ಚಯಿಸಿದೆ.

ಓಣಂ ರಜೆ ಬಂತು. ಮಳೆ ಇನ್ನೂ ಬಿಟ್ಟಿರಲಿಲ್ಲ. ಗೋಡೆ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಕಾಲ ಬೇರೆ ಇಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಿನಲ್ಲಿ ಫೆಬ್ರವರಿಯಲ್ಲಿ ಗೋಡೆ ಮುಟ್ಟಿ ಒಣಗಿದೆ ಎಂದರೆ ಏನು ಹೇಳಿದಂತಾಯಿತು? ಪಾರದರ್ಶಕ ಪ್ಲಾಸ್ಟಿಕ್ಕಿನ ಚೌಕಗಳನ್ನು ಗೋಡೆಗೆ ನಾಲ್ಕು ಸುತ್ತ ಟೇಪು ಹಾಕಿ ಅಂಟಿಸಿದೆ. ಕೆಳಗೊಂದು, ಮೊಣಕಾಲೆತ್ತರಕ್ಕೊಂದು, ಎದೆಯೆತ್ತರಕ್ಕೊಂದು. ಮಾರನೆಯ ದಿನ ಕೆಳಗಿನದ್ದರ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು, ಮೊಣಕಾಲಿನದ್ದರಲ್ಲಿ ಮಂಜು, ಎದೆಯದ್ದು ಒಣ. ಹೊರಗಿನ ಇರಚಲಿನಿಂದ ಬಂದ ನೀರಾದರೆ ಪ್ಲಾಸ್ಟಿಕ್ಕಿನ ಒಳಗೆ ಬರಬೇಕಾಗಿರಲಿಲ್ಲ, ಅದೂ ಒಳಗೋಡೆಯಲ್ಲಿ. ಅಡಿಪಾಯದಿಂದ ಮೇಲೆ ಹತ್ತುವ ತೇವ ಇದು. ಆ ಕಾಲದ ಮನೆಗಳಿಗೆ ನೆಲಮಟ್ಟದಲ್ಲಿ ತೇವ ತಡೆಯುವ ಪಟ್ಟಿ ಹಾಕುವ ಕ್ರಮ ಇರಲಿಲ್ಲ, ಮುರಕಲ್ಲಿಗೋ ಮೈಯೆಲ್ಲ ತೂತು. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ನಮ್ಮದೇ ಕೇರಳ ರಾಜ್ಯದ ಅಂಗಾಡಿಪುರಂನಲ್ಲಿ ನೋಡಿ. ಕೋರೆಯಿಂದ ತೆಗೆಯುವಾಗ ಮೆದು, ಗಾಳಿ ತಾಗಿದ ಮೇಲೆ ಗಟ್ಟಿ; ಇಟ್ಟಿಗೆ ಸುಡಬೇಕಾದ ಕಷ್ಟವೇ ಇಲ್ಲ. ಆದರೆ ಎಷ್ಟು ಗಟ್ಟಿಯಾದರೂ ತೂತು ಮುಚ್ಚುವುದಿಲ್ಲ, ನೀರು ಹೀರುವುದು ಬಿಡುವುದಿಲ್ಲ.

ಇನ್ನು ಅಂಟಿನ ಪರೀಕ್ಷೆ. ಆಚಾರಿಯಿಂದ ಹಲಗೆಯ ತುದಿಗಳನ್ನು ಬಿಸ್ಕತ್ತು ಪೊಟ್ಟಣದಷ್ಟು ದೊಡ್ಡ ತುಂಡುಗಳಾಗಿ ಕೊಯ್ಸಿದೆ. ಒಂದೊಂದು ಅಂಟಿನಲ್ಲಿ ಎರಡು ಜಾಗ: ಕೆಳಗಿನ ತೇವದ ಗೋಡೆಯಲ್ಲಿ ಒಂದು, ಮೇಲಿನ ಒಣ ಗೋಡೆಯಲ್ಲಿ ಒಂದು. ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದೆ. ಚಾವಡಿಯ ಗೋಡೆಯ ಮೇಲೆ ಮರದ ತುಂಡುಗಳು ಎದ್ದು ನಿಂತದ್ದನ್ನು ನೋಡಿ ಹಬ್ಬಕ್ಕೆ ಬಂದ ನೆಂಟರು ಇದು ಯಾವ ಹೊಸ ಡಿಸೈನ್ ಎಂದು ಕೇಳಿದರು. ವಾರ ಕಳೆದು ಸಣ್ಣ ಹಾರೆಕೋಲು ತೂರಿಸಿ ಒಂದೊಂದಾಗಿ ಕಿತ್ತೆವು. ಕೀಳುವಾಗ ಎಷ್ಟು ಬಲ ಬೇಕಾಯಿತು ಎನ್ನುವುದಕ್ಕಿಂತ, ಕಿತ್ತ ತುಂಡಿನ ಬೆನ್ನಿಗೆ ಏನು ಅಂಟಿಕೊಂಡು ಬಂತು ಎಂದು ನೋಡಬೇಕು.

ಮೇಲಿನ ಗೋಡೆಯ ತುಂಡುಗಳಲ್ಲಿ ಹೆಚ್ಚಿನವು ಡಿಸ್ಟೆಂಪರನ್ನೂ ಸುಣ್ಣದ ಪದರಗಳನ್ನೂ ಹೊತ್ತುಕೊಂಡೇ ಬಂದವು. ಅಂಚಿನಲ್ಲಿ ಎಣಿಸಬಹುದು: ಬಿಳಿ, ನೀಲಿ ಹಾಕಿದ ಬಿಳಿ, ಮತ್ತೆ ಬಿಳಿ, ಒಂದು ಹಳದಿ (ಯಾರದೋ ಮದುವೆಯದ್ದಿರಬೇಕು), ಅದರ ಹಿಂದೆ ಉಗುರಿಗೆ ಹಿಟ್ಟಾಗಿ ಉದುರುವ ಸಾರಣೆ. ಅಂಟು ಸೋತಿರಲಿಲ್ಲ, ಹಲಗೆಗೂ ಸುಣ್ಣಕ್ಕೂ ಕಚ್ಚಿಕೊಂಡೇ ಇತ್ತು. ಸೋತದ್ದು ಸುಣ್ಣ. ಈ ಗೋಡೆಗೆ ಇನ್ನೂರು ರೂಪಾಯಿಯ ಟ್ಯೂಬೂ ಒಂದೇ, ಐನೂರು ರೂಪಾಯಿಯದ್ದೂ ಒಂದೇ.

ಕೆಳಗಿನ ಸಾಲಿನಲ್ಲಿ ಚಿತ್ರ ಬೇರೆ. ನೀರಂಟು ಗಟ್ಟಿಯೇ ಆಗಿರಲಿಲ್ಲ, ಹಾರೆಕೋಲು ಬೇಕಾಗದೆ ಕೈಗೇ ಬಂತು. ಪಿಯು ಹಾಕಿದ್ದು ಕಷ್ಟಪಟ್ಟು ಬಂತು. ಆದರೆ ಕತ್ತಿಯಲ್ಲಿ ಅಂಟನ್ನು ಅಡ್ಡ ಕೊಯ್ದು ನೋಡಿದರೆ ಒಳಗೆ ನೀರುದೋಸೆಯ ಹಾಗೆ ತೂತು ತೂತು. ಪಿಯು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಯ ತೇವದಷ್ಟಾದರೆ ಆ ಅನಿಲ ಮೆಲ್ಲನೆ ಹೊರಗೆ ಹೋಗುತ್ತದೆ, ಗೋಡೆಯೇ ಒದ್ದೆಯಾಗಿದ್ದರೆ ಒಳಗೇ ಗುಳ್ಳೆ ಕಟ್ಟುತ್ತದೆ. ಎಂಎಸ್ ಪಾಲಿಮರಿಗೆ ಈ ತೊಂದರೆ ಇಲ್ಲ. ಕೊಯ್ದರೆ ಒಳಗೆಲ್ಲ ಒಂದೇ ಸಮ, ರಬ್ಬರಿನ ತುಂಡು. ಕ್ರಯದ ವ್ಯತ್ಯಾಸಕ್ಕೆ ಉತ್ತರ ಇಲ್ಲಿ ಸಿಕ್ಕಿತು. ಅದರಲ್ಲೂ ಹಲಗೆಯ ಕಡೆ ಮಾತ್ರ ಒಂದು ತುಂಡು ಸಲೀಸಾಗಿ ಬಿಟ್ಟುಕೊಂಡಿತ್ತು. ಅಂಟು ಪೂರ್ತಿ ಗೋಡೆಯಲ್ಲೇ, ಹಲಗೆಯ ಬೆನ್ನು ನುಣ್ಣಗೆ ಕಪ್ಪಗೆ ಹೊಳೆಯುತ್ತಿತ್ತು.

ಆಚಾರಿ ಅದನ್ನು ಮೂಸಿ ನೋಡಿದ. "ಗೇರೆಣ್ಣೆ ಟೀಚರೇ. ನಿಮ್ಮ ಮಾವನ ಕಾಲದಲ್ಲಿ ಒರಲೆ ಬಾರದ ಹಾಗೆ ಬಳಿದದ್ದು. ಇದರ ಮೇಲೆ ಯಾವ ಗಮ್ಮೂ ನಿಲ್ಲುವುದಿಲ್ಲ."

ಗೇರುಬೀಜದ ಸಿಪ್ಪೆಯ ಎಣ್ಣೆ ಮರಕ್ಕೆ ಬಳಿಯುವುದು ಇಲ್ಲಿಯ ಹಳೇ ಪದ್ಧತಿ. ಒರಲೆ (ಗೆದ್ದಲು) ಹತ್ತಿರ ಸುಳಿಯುವುದಿಲ್ಲ, ಅಂಟೂ ಸುಳಿಯುವುದಿಲ್ಲ. ಎಲ್ಲ ಹಲಗೆಗೂ ಬಳಿದಿರಲಿಲ್ಲ, ಗೋಡೆಯ ಪಕ್ಕ ಇದ್ದವಕ್ಕೆ ಮಾತ್ರ. ಅಂಟು ತಾಗುವ ಪಟ್ಟಿಯಷ್ಟನ್ನು ಕೀಸಿ, 80ನೇ ನಂಬರಿನ ಸ್ಯಾಂಡ್ ಪೇಪರಿನಲ್ಲಿ ಹೊಸ ಮರ ಕಾಣುವವರೆಗೆ ಉಜ್ಜಿ, ತಿನ್ನರಿನಲ್ಲಿ ಒರೆಸುವುದೆಂದಾಯಿತು. ಆ ಎಣ್ಣೆ ಮೈಗೆ ತಾಗಿದರೆ ಸುಡುತ್ತದೆ, ಧೂಳೂ ಒಳ್ಳೆಯದಲ್ಲ. ಅಂಗಳದಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಉದ್ದ ತೋಳಿನ ಅಂಗಿ ಹಾಕಿಕೊಂಡು ಆಗಬೇಕಾದ ಕೆಲಸ. ಉಳಿದ ಬೆನ್ನಿನ ಎಣ್ಣೆಯನ್ನು ಮುಟ್ಟಬಾರದು ಎಂದು ಆಚಾರಿಯ ಮಾತು. ಸರಿಯಾದ ಮಾತೇ.

ಇಷ್ಟಾದ ಮೇಲೆ ಹಲಗೆಯನ್ನು ಗೋಡೆಗೆ ಅಂಟಿಸುವ ಪ್ರಶ್ನೆಯೇ ಉಳಿಯಲಿಲ್ಲ. ಸುಣ್ಣ ಎಲ್ಲ ಕೆರೆದು, ಸಾರಣೆ ತೆಗೆದು ಕಲ್ಲಿಗೇ ಅಂಟಿಸಬಹುದಲ್ಲ ಎಂದು ನನ್ನ ಯಜಮಾನರು ಕೇಳಿದರು. ಅಂಟಿಸಬಹುದು. ಆದರೆ ಉಸಿರಾಡುತ್ತಿದ್ದ ತೇವದ ಗೋಡೆಗೆ ಹಲಗೆ ಒತ್ತಿ ಮುಚ್ಚಿದರೆ ತೇವ ಇನ್ನೂ ಮೇಲೆ ಹತ್ತುತ್ತದೆ, ಹಿಂದುಗಡೆ ಬೂಸಲು ಹಿಡಿಯುತ್ತದೆ. ಹಾಗಾಗಿ ಗೋಡೆಗೂ ಹಲಗೆಗೂ ನಡುವೆ ಗಾಳಿಗೆ ದಾರಿ ಬೇಕು. ಗೋಡೆಗೆ ರೀಪು ಸ್ಕ್ರೂ ಮಾಡುವುದು, ರೀಪಿಗೆ ಹಲಗೆ ಅಂಟಿಸುವುದು. ಮರದ ರೀಪಾದರೆ ಒರಲೆಗೆ ಏಣಿ ಇಟ್ಟುಕೊಟ್ಟ ಲೆಕ್ಕ. ಒಂದಿಂಚಿನ ಅಲ್ಯೂಮಿನಿಯಂ ಬಾಕ್ಸ್ ಸೆಕ್ಷನ್ ತಂದೆವು. ಸುಣ್ಣ, ಸಿಮೆಂಟು ತೇವದಲ್ಲಿ ಅಲ್ಯೂಮಿನಿಯಮನ್ನು ತಿನ್ನುತ್ತವೆ. ಅದಕ್ಕೆ ಪ್ರತಿ ಸ್ಕ್ರೂವಿನ ಹಿಂದೆ ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು ಗೋಡೆಯಿಂದ ದೂರ ನಿಲ್ಲಿಸಿದೆವು. ಮುರಕಲ್ಲಿಗೆ ಸಾಧಾರಣ ಗಿಡ್ಡ ಪ್ಲಗ್ಗು ನಿಲ್ಲುವುದಿಲ್ಲ, ತೂತಿನಲ್ಲಿ ಸುತ್ತುತ್ತಾ ಇರುತ್ತದೆ. ಸಾರಣೆ ದಾಟಿ ಕಲ್ಲಿನೊಳಗೆ ಹೋಗುವಷ್ಟು ಉದ್ದದ್ದು ಬೇಕು. ಡ್ರಿಲ್ಲಿನ ಬಡಿಯುವ ಗುಂಡಿ ಬಂದ್ ಮಾಡಿ ಸುಮ್ಮನೆ ತಿರುಗಿಸಿ ಕೊರೆದರೆ ತೂತು ದೊಡ್ಡದಾಗುವುದಿಲ್ಲ.

ಮರ ಮತ್ತು ಅಲ್ಯೂಮಿನಿಯಂ ಎರಡಕ್ಕೂ ಹಿಡಿಯಬೇಕು, ಬಗ್ಗಬೇಕು, ತೇವಕ್ಕೆ ಗುಳ್ಳೆ ಏಳಬಾರದು. ಎಂಎಸ್ ಪಾಲಿಮರ್ ಎಂದು ಇಲ್ಲಿಗೆ ತೀರ್ಮಾನವಾಯಿತು. ಟ್ಯೂಬಿನ ಕಿಲೋ ಲೆಕ್ಕವನ್ನು ಈ ಹೊತ್ತಿಗೆ ಯಾರೂ ಕೇಳುತ್ತಿರಲಿಲ್ಲ.

ಎಷ್ಟು ಟ್ಯೂಬು ಬೇಕು ಎಂಬುದಕ್ಕೆ ಅಂಗಡಿಯವರ ಬಾಯಿಲೆಕ್ಕ ನಂಬಬೇಕಾಗಿಲ್ಲ, ಏಳನೇ ಕ್ಲಾಸಿನ ಗಣಿತ ಸಾಕು. ಐದು ಮಿಲಿಮೀಟರ್ ದಪ್ಪದ ಎಳೆ ಬಿಟ್ಟರೆ 310 ಮಿಲಿಲೀಟರಿನ ಟ್ಯೂಬು 15 ಮೀಟರಿಗೆ ಬರುತ್ತದೆ, ಎಂಟು ಮಿಲಿಮೀಟರಾದರೆ ಆರೇ ಮೀಟರ್. ಡೊಂಕು ಹಲಗೆಗೆ ಎಂಟು ಬೇಕು. ಮೂತಿ ಕೊಯ್ಯುವಾಗ ಓರೆ ಕೊಯ್ದು, ತುದಿಗೆ ವಿ ಆಕಾರದ ಕಚ್ಚು ಕೊಟ್ಟರೆ ಎಳೆ ಎತ್ತರಕ್ಕೆ ನಿಲ್ಲುತ್ತದೆ, ಒತ್ತಿದಾಗ ಎರಡೂ ಕಡೆಗೆ ಹರಡುತ್ತದೆ.

ಕ್ರಿಸ್‌ಮಸ್ ರಜೆಯಲ್ಲಿ, ಗಾಳಿ ಒಣಗಿದ ಮೇಲೆ, ಕೂರಿಸಿದೆವು. ಹಲಗೆಗಳನ್ನು ಅದಕ್ಕೆ ಮೊದಲೇ ತಂದು ಚಾವಡಿಯಲ್ಲೇ ಒರಗಿಸಿ ಇಟ್ಟಿದ್ದೆ, ಅಲ್ಲಿಯ ಹವೆಗೆ ಹೊಂದಲಿ ಎಂದು. ಹಲಗೆಯ ಅಗಲದ ನಡುವಿನ ಭಾಗಕ್ಕೆ ಮಾತ್ರ ಅಂಟು, ಎರಡು ಅಂಚು ಬಿಟ್ಟು. ಆಗ ಅಂಚುಗಳು ಉಬ್ಬಲು ಕುಗ್ಗಲು ಸ್ವತಂತ್ರ. ಪಕ್ಕದ ಹಲಗೆಗೆ ಎರಡು ಮಿಲಿಮೀಟರ್ ಸಂದು. ಅಂಟನ್ನು ಸೊನ್ನೆಯಾಗುವವರೆಗೆ ಒತ್ತಬಾರದು. ಬಗ್ಗುವ ಅಂಟು ಬಗ್ಗಬೇಕಾದರೆ ಅದಕ್ಕೆ ದಪ್ಪ ಬೇಕು. ಎರಡು ಮಿಲಿಮೀಟರಿನ ಪ್ಲಾಸ್ಟಿಕ್ ಚೂರುಗಳನ್ನು ನಡುವೆ ಸಿಕ್ಕಿಸಿ ಒತ್ತಿದೆವು. "ಇಷ್ಟು ಹಗುರ ಒತ್ತಿದರೆ ಹೇಗೆ ನಿಲ್ಲುವುದು ಟೀಚರೇ" ಎಂದು ಆಚಾರಿಗೆ ಸಮಾಧಾನವಿಲ್ಲ. ಫೆವಿಕಾಲಿಗೆ ಮೈಭಾರ ಹಾಕಿ ಒತ್ತುವ ಅಭ್ಯಾಸ. ಡೊಂಕು ಹಲಗೆಗಳು ಕೂಡಲೇ ನಿಲ್ಲಲಿಲ್ಲ ಎನ್ನುವುದೂ ನಿಜ. ಅಡಿಕೆ ದಬ್ಬೆಗಳನ್ನು ನೆಲದಿಂದ ಓರೆಯಾಗಿ ಕೊಟ್ಟು ರಾತ್ರಿಯಿಡೀ ಒತ್ತಿಟ್ಟೆವು. ಕೆಳಗೆ ಅರ್ಧ ಇಂಚು, ಮೇಲೆ ಅರ್ಧ ಇಂಚು ತೆರವು. ಮೇಲಿನ ತೆರವಿನ ಎದುರು ಒಂದು ಪಟ್ಟಿ ಮುಂದಕ್ಕೆ ಚಾಚಿದೆ. ಗಾಳಿ ಹೋಗುತ್ತದೆ, ಜಿರಳೆ ಕಾಣುವುದಿಲ್ಲ.

ಬೆರಳಿಗೆ ತಾಗಿದ ಅಂಟನ್ನು ಹಸಿಯಿರುವಾಗಲೇ ಕಾಗದದಲ್ಲಿ ಒರೆಸಬೇಕು, ಒಣಗಿದ ಮೇಲೆ ಚರ್ಮವೇ ಸವೆಯಬೇಕು. ಗ್ಲೌಸು ಬೇಡವೆಂದ ಆಚಾರಿ ಆ ವಾರದ ಭೂತದ ನೇಮದ ಊಟಕ್ಕೆ ಕೈಯಲ್ಲಿ ಕಪ್ಪು ಕಲೆ ಇಟ್ಟುಕೊಂಡೇ ಹೋದ.

ಚಿಟ್ಟೆಯ ಗ್ರಾನೈಟಿಗೆ ಟ್ಯೂಬೇ ಬೇಡ. ಇಪ್ಪತ್ತು ಮಿಲಿಮೀಟರ್ ದಪ್ಪದ ಗ್ರಾನೈಟ್ ಚದರ ಮೀಟರಿಗೆ 54 ಕಿಲೋ ಆಸುಪಾಸು ತೂಗುತ್ತದೆ; ಮಲಗಿಸಿದ ಕಲ್ಲಿಗೆ ಅದರ ಭಾರವೇ ಅರ್ಧ ಅಂಟು. ಎದ್ದದ್ದು ಯಾಕೆಂದರೆ ಹಿಂದೆ ಕೂರಿಸಿದವರು ಬರೀ ಸಿಮೆಂಟು ಹಾಲಿನ ಮೇಲೆ, ಅಲ್ಲಲ್ಲಿ ಗಾರೆಯ ಮುದ್ದೆ ಇಟ್ಟು ಕೂರಿಸಿದ್ದರು. ಗ್ರಾನೈಟ್ ನೀರು ಕುಡಿಯುವ ಕಲ್ಲಲ್ಲ, ಬರೀ ಸಿಮೆಂಟಿಗೆ ಕಚ್ಚಲು ಅಲ್ಲಿ ಏನೂ ಇಲ್ಲ. ಮುದ್ದೆಗಳ ನಡುವಿನ ಪೊಳ್ಳಿಗೆ ಮಳೆಯ ಇರಚಲು ನುಗ್ಗುತ್ತಿತ್ತು. ಚೀಲದಲ್ಲಿ ಬರುವ, ಪಾಲಿಮರ್ ಸೇರಿಸಿದ ಟೈಲ್ ಅಂಟು ತಂದೆವು. ಚೀಲದ ಮೇಲೆ ಐಎಸ್ 15477 ಎಂದೂ ಅದರ ಕೆಳಗೆ ಟೈಪ್ ಎಷ್ಟು ಎಂದೂ ಬರೆದಿರುತ್ತದೆ. ಒಳಮನೆಯ ಸಾದಾ ಟೈಲಿಗೆ ಹೇಳಿದ ಕೆಳಗಿನ ಟೈಪು ಕೊಟ್ಟರೆ ತೆಗೆದುಕೊಳ್ಳಬಾರದು. ಕಲ್ಲಿಗೆ, ಬಿಸಿಲು ಮಳೆ ತಾಗುವ ಜಾಗಕ್ಕೆ ಎಂದು ಇರುವುದನ್ನೇ ಕೇಳಬೇಕು. ಹಲ್ಲಿನ ಕರಣೆಯಲ್ಲಿ ಎಳೆದು, ಕಲ್ಲಿನ ಬೆನ್ನಿಗೂ ತೆಳ್ಳಗೆ ಸವರಿ ಕೂರಿಸಿದ ಮೇಲೆ ಕೋಲಿನಿಂದ ತಟ್ಟಿದರೆ ಎಲ್ಲಿಯೂ ಪೊಳ್ಳು ಸದ್ದಿಲ್ಲ. ಮೂಲೆಯಲ್ಲಿ ಒಡೆದಿದ್ದ ತುಂಡಿಗೆ ಮಾತ್ರ ಅರಾಲ್ಡೈಟ್: ಎರಡೂ ಟ್ಯೂಬಿನಿಂದ ಸಮಸಮ, ಒಂದು ಚಿಟಿಕೆ ಕಲ್ಲಿನ ಪುಡಿ ಸೇರಿಸಿ ಕಲಸಿದ್ದು.

ಕನ್ನಡಿಗೆ ಒಂದೇ ಎಚ್ಚರ. ಹುಳಿ ವಾಸನೆ ಬರುವ ಸಿಲಿಕಾನ್ ಬೇಡ. ಅದು ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಕನ್ನಡಿಯ ಹಿಂದಿನ ಬೆಳ್ಳಿ ಲೇಪವನ್ನು ತಿಂದು ಕಪ್ಪು ಚುಕ್ಕೆ ಎಬ್ಬಿಸುತ್ತದೆ. ನ್ಯೂಟ್ರಲ್ ಎಂದು ಬರೆದದ್ದು ತಂದು, ಮೇಲಿನಿಂದ ಕೆಳಕ್ಕೆ ಉದ್ದುದ್ದ ಎಳೆ ಬಿಟ್ಟು, ಟೈಲಿನ ಮೇಲೆ ಅಂಟಿಸಿದೆವು. ಸುತ್ತ ಚೌಕ ಹಾಕಿ ಮುಚ್ಚಿದರೆ ಒಳಗೆ ಗಾಳಿ ಹೋಗದೆ ಅಂಟು ಹಸಿಯಾಗಿಯೇ ಉಳಿಯುತ್ತದೆ. ಕೆಳಗೆ ಎರಡು ಸಣ್ಣ ಸ್ಟೀಲ್ ಕ್ಲಿಪ್ಪು ಕೊಟ್ಟದ್ದು ನನ್ನ ಹಠ. ತಲೆಗೆ ಬೀಳಬಹುದಾದ ವಸ್ತುವನ್ನು ಬರೀ ಅಂಟಿನ ಮೇಲೆ ಬಿಡಲು ನನಗೆ ಧೈರ್ಯವಿಲ್ಲ.

ಆಮೇಲೆ ಒಂದು ಮಳೆಗಾಲ ಕಳೆದಿದೆ. ಹಲಗೆಯ ಸಂದುಗಳು ಆಟಿಯಲ್ಲಿ ಪೂರ್ತಿ ಮುಚ್ಚಿ, ಈಗ ಮತ್ತೆ ಕಾಗದ ಹೋಗುವಷ್ಟು ತೆರೆದಿವೆ. ಬಾಗಿಲ ಪಕ್ಕದ ಒಂದು ಹಲಗೆಯ ತುದಿ ಒತ್ತಿದರೆ ಕಿರ್ರೆನ್ನುತ್ತದೆ, ಅಲ್ಲಿ ಸೆಕ್ಷನ್ ಇಲ್ಲ. ಹಿಂದಿನ ಗೋಡೆ ಉದುರುವುದು ನಿಂತಿಲ್ಲ, ನಿಲ್ಲುವುದೂ ಇಲ್ಲ. ಕೆಳಗಿನ ತೆರವಿನಿಂದ ಬೀಳುವ ಸುಣ್ಣದ ಹುಡಿಯನ್ನು ಗುಡಿಸುವ ಕೆಲಸ ಉಳಿದಿದೆ. ಈಗ ನಾದಿನಿ ತನ್ನ ಕುಂಬಳೆಯ ಮನೆಯ ಬಚ್ಚಲಿಗೆ ಕಡಪ ಕಲ್ಲಿನ ಶೆಲ್ಫು ಅಂಟಿಸಬೇಕು, ಬ್ರಾಕೆಟ್ ಕಾಣಬಾರದು, ಯಾವ ಟ್ಯೂಬು ಹೇಳಿ ಅತ್ತಿಗೆ ಎಂದು ಫೋನು ಮಾಡಿದ್ದಾಳೆ. ಗೋಡೆ ಕೊರೆದು ಕಲ್ಲಿನ ಅಂಚನ್ನು ಎರಡಿಂಚು ಒಳಗೆ ಹೂಳಿಸು, ಇಲ್ಲವಾದರೆ ಬ್ರಾಕೆಟ್ ಕಾಣಲಿ ಎಂದೆ. ಅವಳಿಗೆ ಅಷ್ಟು ಹಿಡಿಸಿದ ಹಾಗಿಲ್ಲ.